ಇಟಲಿಯ ಬಿಳಿಕಲ್ಲು, ನಮ್ಮ ಹೊಲದ ಜಾಲಿ

ಕೊಗನೊಳ್ಳಿಯ ಆಚೆ

ನಾನು ಇಟಲಿಗೆ ಹೋದದ್ದು ನನ್ನ ಗಂಡನ ಮೂಗು ಹೇಗಿತ್ತು ಎಂದು ಹೇಳುವುದಕ್ಕೆ.

ಓದಿದವರು ನಗಬಹುದು. ನಗಲಿ, ಊರಲ್ಲೂ ನಕ್ಕರು. ಆದರೆ ವಿಷಯ ಇದ್ದದ್ದು ಅಷ್ಟೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಇವರು ತೀರಿಕೊಂಡು ವರ್ಷ ತುಂಬಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅವರವರ ಹೊಲದಲ್ಲೇ ಕುಣಿ ತೋಡಿ, ಪೂಜೆಗೆ ಕುಳಿತವರ ಹಾಗೆ ಕೂಡಿಸಿ, ವಿಭೂತಿ, ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಇವರನ್ನು ಚಿಂಚಲಿಯ ಹತ್ತಿರದ ನಮ್ಮ ಹೊಲದಲ್ಲಿ, ಬಾವಿಯ ದಂಡೆಗಿರುವ ಜಾಲಿಮರದ ಬುಡಕ್ಕೆ ಕೂಡಿಸಿದೆವು. ಆ ಜಾಗ ಮೊದಲಿನಿಂದ ಅವರದೇ. ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲಿ, ನನ್ನ ಮೇಲೆ ಸಿಟ್ಟು ಬಂದರೆ ಹೋಗಿ ಕೂರುತ್ತಿದ್ದದ್ದೂ ಅಲ್ಲಿ.

ಮಗ ಬಾಳಾಸಾಹೇಬನಿಗೆ ಚಿಕ್ಕೋಡಿಯಲ್ಲಿ ಫರಸಿ ಕಲ್ಲಿನ ಅಂಗಡಿ ಇದೆ. ರಾಯಬಾಗ, ಅಥಣಿ, ಕಾಗವಾಡದ ಕಡೆ ಹೊಸ ಮನೆ ಕಟ್ಟಿದವರಲ್ಲಿ ಬಹಳ ಜನ ಅವನು ಮಾರಿದ ಕಲ್ಲಿನ ಮೇಲೆಯೇ ಓಡಾಡುತ್ತಾರೆ. ಈಚೆಗೆ ನಮ್ಮ ಸೀಮೆಯಲ್ಲಿ ಒಂದು ರೂಢಿ ಬಂದಿದೆ. ಅನುಕೂಲಸ್ಥರು ಹಿರಿಯರಿಗೆ ಮಣ್ಣು ಕೊಟ್ಟ ಜಾಗದಲ್ಲಿ ಕಟ್ಟೆ ಕಟ್ಟಿಸಿ, ಮೇಲೊಂದು ಮಂಟಪ ಎಬ್ಬಿಸಿ, ಒಳಗೆ ಎದೆಮಟ್ಟದ ಮೂರ್ತಿ ಇಡಿಸುತ್ತಾರೆ. ರಸ್ತೆಯಲ್ಲಿ ಹೋಗುವಾಗ ಕಬ್ಬಿನ ನಡುವೆ ರುಮಾಲು ಸುತ್ತಿದ ತಲೆಗಳು ಕಾಣುತ್ತವೆ. ಎಲ್ಲವೂ ಒಂದೇ ಥರ. ಯಾರ ಅಪ್ಪ ಯಾರೆಂದು ಕೆಳಗಿನ ಹೆಸರು ಓದಿಯೇ ತಿಳಿಯಬೇಕು.

"ನಮ್ಮಪ್ಪಂದು ಹಂಗ ಆಗಬಾರದು," ಎಂದ ಬಾಳಾಸಾಹೇಬ. "ಇಟಲಿ ಬಿಳಿಕಲ್ಲಿನಾಗ ಮಾಡಸ್ತೀನಿ. ಆ ಕಲ್ಲಿನ ಊರಾಗ ಒಬ್ಬಾಕಿ ಮೂರ್ತಿ ಮಾಡಾಕಿ ಅದಾಳಂತ, ವ್ಯಾಪಾರದ ಮಂದಿ ಹೇಳ್ಯಾರ. ಆದ್ರ ಮಾರಿ ಹೆಂಗಿತ್ತಂತ ಯಾರ ಹೇಳಬೇಕು? ನೀನ ಬರಬೇಕ ಬೇ."

ಅವನು ಹೇಳಿದ್ದು ಖರೆ. ಇವರಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಬಾಸಿಂಗ ಮುಖ ಮುಚ್ಚಿದೆ. ಮತದಾರರ ಕಾರ್ಡಿನಲ್ಲಿ ಕಳುವು ಮಾಡಿ ಸಿಕ್ಕಿಬಿದ್ದವರ ಹಾಗೆ ಇದ್ದಾರೆ. ಇವರ ಮುಖ ಇವರು ಇದ್ದ ಹಾಗೆ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ.

ಹೊರಡುವ ಮೊದಲು ಇನ್ನೊಂದು ತೀರ್ಮಾನವಾಗಿತ್ತು. ಜಾಲಿಯನ್ನು ಕಡಿಸಬೇಕು. ಮಳೆಗಾಲದಲ್ಲಿ ಅದರ ಬಾವಿಯ ಕಡೆಯ ಟೊಂಗೆಗಳಿಗೆ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತವೆ.

"ಹಕ್ಕಿ ಹೇತು ಹೇತು ಬಿಳಿಕಲ್ಲು ಕೆಡಸ್ತಾವ. ಬೇರು ಕಟ್ಟಿ ಒಡೀತೈತಿ," ಎಂದ ಮಗ.

"ಕಡಸು. ಜಾಲಿ ಏನ್ ಬಂಗಾರದ ಗಿಡಾ?" ಎಂದೆ ನಾನು.

ಬಾಜೂ ಹೊಲದ ಮಾರುತಿಯ ಹತ್ತಿರ ಮರ ಕೊಯ್ಯುವ ಮಷಿನ್ ಇದೆ. ನಾವು ತಿರುಗಿ ಬರುವುದರೊಳಗೆ ಜಾಗ ಸಪಾಟಾಗಿರಬೇಕೆಂದು ಅವನಿಗೆ ಹೇಳಿ, ನೋಡಿಕೊಳ್ಳಲು ಸೊಸೆ ಶೋಭಾಳನ್ನು ನೇಮಿಸಿ, ಮುಂಬೈಗೆ ಕಾರು ಹತ್ತಿದೆವು.

ಕೊಗನೊಳ್ಳಿಯ ನಾಕಾ ದಾಟುವಾಗ ಮಗ ಚೇಷ್ಟೆಗೆ ಕೇಳಿದ: "ಬೇ, ಇಲ್ಲಿಂದ ಮುಂದ ಮಹಾರಾಷ್ಟ್ರ. ಅಂಜಿಕಿ ಬರಾಕತ್ತೈತೇನ?"

"ಇಚಲಕರಂಜ್ಯಾಗ ನಮ್ಮಕ್ಕ ಅದಾಳ. ಅಂಜಿಕಿ ಯಾಕ ಬರಬೇಕು?"

"ಅದರ ಮುಂದ?"

"ಅಲ್ಲೂ ಮಂದೀನ ಇರ್ತಾರಲಾ. ದೆವ್ವ ಇರ್ತಾವೇನ?"

ಚಪ್ಪಲಿ ಬಿಟ್ಟ ಊರು

ನಮ್ಮ ಗಡಿಯವರ ನಾಲಿಗೆಗೆ ಒಂದು ಚಟವಿದೆ. ಎದುರಿನವರಿಗೆ ಕನ್ನಡ ತಿಳಿಯಲಿಲ್ಲ ಎಂದರೆ ಅದು ತಾನಾಗಿ ಮರಾಠಿಗೆ ಹೊರಳುತ್ತದೆ. ಒಬ್ಬರು ಕನ್ನಡದವರಲ್ಲ ಎಂದರೆ ಮರಾಠಿಯವರೇ ಇರಬೇಕು, ಮೂರನೆಯ ಜಾತಿ ನಮಗೆ ಗೊತ್ತಿಲ್ಲ. ಹಾಗಾಗಿ ನಾನು ಇಟಲಿಯಲ್ಲೆಲ್ಲ ಮರಾಠಿ ಮಾತಾಡಿದೆ. ಇಳಿದ ಕೂಡಲೆ ಪಾಸ್‌ಪೋರ್ಟಿನ ಅಧಿಕಾರಿಗೆ "ಕಸ ಕಾಯ್, ಬರ ಆಹೇ ನಾ?" ಎಂದು ಕ್ಷೇಮ ಕೇಳಿದೆ. ಅವನು ನನ್ನ ಮುಖ ನೋಡಿ, ಪಾಸ್‌ಪೋರ್ಟ್ ನೋಡಿ, ಠಸ್ಸೆ ಒತ್ತಿದ. ಫ್ಲಾರೆನ್ಸ್ ಎಂಬ ಊರಿನಲ್ಲಿ ನಾವು ಇಳಿದುಕೊಂಡ ಮನೆಯ ಹೆಂಗಸಿಗೂ ಬಿಸಿನೀರನ್ನು ಮರಾಠಿಯಲ್ಲೇ ಕೇಳಿದೆ.

"ಯವ್ವಾ, ಆಕಿಗೆ ಮರಾಠಿ ಬರಂಗಿಲ್ಲ," ಎಂದ ಮಗ.

"ಕನ್ನಡಾ ಬರಂಗಿಲ್ಲ, ಮರಾಠಿ ಬರಂಗಿಲ್ಲ. ಮತ್ತ ಮನ್ಯಾಗ ಏನ್ ಮಾತಾಡ್ತಾಳ ಈಕಿ?"

ಆದರೂ ಬಿಸಿನೀರು ಬಂತು. ಆ ಹೆಂಗಸು ನನ್ನ ಕೈಸನ್ನೆ ನೋಡಿ ಹಂಡೆಯಂಥ ದೊಡ್ಡ ಪಾತ್ರೆಯಲ್ಲಿ ಕಾಯಿಸಿ ತಂದಳು. ದೇವರು ಅವಳನ್ನು ಚೆನ್ನಾಗಿ ಇಟ್ಟಿರಲಿ.

ನಮ್ಮನ್ನು ಓಡಾಡಿಸಲು ಗುರ್ಮೀತ ಎಂಬ ಪಂಜಾಬಿ ಡ್ರೈವರ್ ಸಿಕ್ಕಿದ್ದ. ಮೊದಲು ಅಲ್ಲಿನ ಗೌಳಿಯೊಬ್ಬನ ಹತ್ತಿರ ಆಕಳು ಹಿಂಡುತ್ತಿದ್ದನಂತೆ. ನಮ್ಮೊಡನೆ ಹಿಂದಿ, ಅವರೊಡನೆ ಅವರ ಭಾಷೆ. ನನ್ನನ್ನು ಮಾತಾಜಿ ಎನ್ನುತ್ತಿದ್ದ. ಕಲ್ಲಿನ ಊರಿಗೆ ಹೋಗುವ ಮೊದಲು ಇಲ್ಲಿನ ಮೂರ್ತಿಗಳನ್ನು ನೋಡಿಬಿಡಿ, ಜಗತ್ತೆಲ್ಲ ಇದಕ್ಕಾಗಿಯೇ ಬರುತ್ತದೆ ಎಂದ. ಹೋದೆವು.

ದೊಡ್ಡ ಮೂರ್ತಿ ಇರುವ ಕಟ್ಟಡ. ಒಳಗೆ ಮೂರ್ತಿ ಇದೆ ಎಂದರು, ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಕಾವಲಿನವನು ಓಡಿ ಬಂದು ನನ್ನ ಕಾಲು ತೋರಿಸಿ ಏನೇನೋ ಅಂದ. ಬರಿಗಾಲಲ್ಲಿ ಬರುವ ಹಾಗಿಲ್ಲವಂತೆ. ಚಪ್ಪಲಿ ಹಾಕಿದ್ದಕ್ಕೆ ಬೈಸಿಕೊಂಡಿದ್ದೇನೆ. ಮೂರ್ತಿಯ ಮುಂದೆ ಚಪ್ಪಲಿ ಹಾಕಲಿಲ್ಲ ಎಂದು ಬೈಸಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು.

ಒಳಗೆ ಮಾಳಿಗೆ ಮುಟ್ಟುವಷ್ಟು ಎತ್ತರದ ಬತ್ತಲೆ ಹುಡುಗ. ಬತ್ತಲೆ ಮೂರ್ತಿಗೆ ನಾನು ಬೆಚ್ಚುವವಳಲ್ಲ. ನಮ್ಮ ಕಡೆ ಜೈನರು ಬಹಳ. ಅವರ ಬಸದಿಯ ಬಾಹುಬಲಿಯನ್ನು ನೋಡುತ್ತಲೇ ದೊಡ್ಡವಳಾದೆ. ಈ ಹುಡುಗನ ಕೈಯ ನರ ಕೂಡ ಎದ್ದು ಕಾಣುವ ಹಾಗೆ ಕೆತ್ತಿದ್ದಾರೆ. ಕೆಲಸ ಚೊಕ್ಕ, ಸುಳ್ಳು ಹೇಳಬಾರದು. ಆದರೆ ಯಾರನ್ನೋ ಹೊಡೆಯಲು ಹೊಂಚುಹಾಕಿ ನಿಂತವನ ಹಾಗಿದ್ದಾನೆ. ಬಾಹುಬಲಿ ಹಾಗಲ್ಲ, ಕಾಲಿಗೆ ಬಳ್ಳಿ ಹಬ್ಬಿದರೂ ಅದರ ಪಾಡಿಗೆ ಅದನ್ನು ಬಿಟ್ಟು ನಿಂತಿರುತ್ತಾನೆ. ನನಗೆ ಬಳ್ಳಿ ಹಬ್ಬಲು ಬಿಟ್ಟವನೇ ಹೆಚ್ಚು.

ಅಲ್ಲಿಂದ ಒಂದು ಇಗರ್ಜಿ. ಅದರ ಚಾವಣಿಯ ತುಂಬ ಮೋಡ, ರೆಕ್ಕೆ ಇರುವ ಮಕ್ಕಳು, ಆಕಾಶ, ಎಲ್ಲವನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಕತ್ತು ಹಿಂದಕ್ಕೆ ಹಾಕಿ ನೋಡಿದೆ. ಕತ್ತು ಹಿಡಿದುಕೊಂಡಿತು. "ಇದನ್ನ ಬರಿಯಾಕ ಆ ಮನುಷ್ಯಾ ಅಂಗಾತ ಮಲಗಿರಬೇಕು, ಪಾಪ," ಎಂದು ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕಾಲು ಉರಿಯುತ್ತಿದ್ದವು, ಚಪ್ಪಲಿ ಕಳಚಿ ಮುಂದಿಟ್ಟುಕೊಂಡೆ. ಮಗ ಒಳಗೇ ಇದ್ದ. ಅವನು ನೆಲ ನೋಡುತ್ತಿದ್ದ, ಯಾವ ಕಲ್ಲು, ಎಷ್ಟು ದಪ್ಪ ಎಂದು.

ಹೊತ್ತು ಇಳಿದಿತ್ತು. ಮೇಲೆ ನೋಡಿದರೆ ಆಕಾಶದ ತುಂಬ ಸಣ್ಣ ಕರಿಹಕ್ಕಿಗಳು. ಕುಡುಗೋಲಿನಂಥ ರೆಕ್ಕೆ. ಚೀರುತ್ತ, ಒಂದರ ಹಿಂದೊಂದು ಅಟ್ಟಿಸಿಕೊಂಡು ಹೋಗಿ, ಗೋಪುರದ ಹತ್ತಿರ ಒಮ್ಮೆಲೆ ಹೊರಳಿ ತಿರುಗಿ ಬರುತ್ತಿದ್ದವು. ಅವುಗಳ ಹಿಂದಿನ ಬಾನು ಮೊದಲು ಜೋಳದ ಹಿಟ್ಟಿನ ಬಣ್ಣ ಇತ್ತು, ಆಮೇಲೆ ಬೆಲ್ಲದ ಬಣ್ಣ ಆಯಿತು. ಎಷ್ಟು ಹೊತ್ತು ನೋಡಿದೆನೋ. ಅದೇ ಕತ್ತು, ಅಷ್ಟೇ ಮೇಲೆ ಎತ್ತಿದ್ದು. ಈ ಸಲ ನೋಯಲಿಲ್ಲ.

ಟಣ್ ಎಂದಿತು. ಕೆಳಗೆ ನೋಡಿದರೆ ನನ್ನ ಚಪ್ಪಲಿಯಲ್ಲಿ ಒಂದು ನಾಣ್ಯ! ಟೊಪ್ಪಿಗೆ ಹಾಕಿದ ಹೆಂಗಸೊಬ್ಬಳು ನನ್ನನ್ನು ನೋಡಿ ಕರುಣೆಯಿಂದ ತಲೆದೂಗಿ ಹೋಗುತ್ತಿದ್ದಳು. ತಲೆಮೇಲೆ ಸೆರಗು, ಬರಿಗಾಲು, ಮುಂದೆ ಚಪ್ಪಲಿ. ನನ್ನನ್ನು ಭಿಕ್ಷೆಯವಳೆಂದು ತಿಳಿದಿದ್ದಳು. ನಾನು "ಓ ಬಾಯಿ, ಘೇ ತುಝ ಪೈಸಾ!" ಎಂದು, ನಿನ್ನ ದುಡ್ಡು ನೀನೇ ತಗೋ ಎಂದು, ಮರಾಠಿಯಲ್ಲಿ ಕೂಗಿದೆ. ಅವಳು ಅದನ್ನು ಆಶೀರ್ವಾದ ಎಂದುಕೊಂಡು ಕೈಬೀಸಿದಳು.

ಬಾಳಾಸಾಹೇಬನಿಗೆ ಮರ್ಯಾದೆ ಹೋಯಿತು. ಗುರ್ಮೀತ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಕ್ಕಿ ನೋಡಿದ್ದಕ್ಕ ನನಗ ಪಗಾರ ಕೊಟ್ಟಾರ, ನಿನಗ ಒಳಗ ನೆಲಾ ನೋಡಾಕ ತಿಕೀಟ ತೊಗೊಂಡಾರ," ಎಂದೆ ಮಗನಿಗೆ.

ಹಸಿಮಣ್ಣಿನ ಮೂಗು

ಮರುದಿನ ಕರಾರಾ ಎಂಬ ಕಲ್ಲಿನ ಊರಿಗೆ ಹೋದೆವು. ದೂರದಿಂದ ಬೆಟ್ಟದ ತುದಿಗಳು ಬೆಳ್ಳಗೆ ಕಂಡವು. ಇಷ್ಟು ಬಿಸಿಲಲ್ಲೂ ಹಿಮ ಇದೆಯಲ್ಲ ಎಂದೆ. ಹಿಮವಲ್ಲ ಮಾತಾಜಿ, ಬೆಟ್ಟ ಕಡಿದ ಗಾಯ ಅದು ಎಂದ ಗುರ್ಮೀತ.

ಮೂರ್ತಿ ಮಾಡುವವಳ ಹೆಸರು ಲೂಚಿಯಾ. ನನಗೆ ಮಗಳಾಗುವ ವಯಸ್ಸು, ತಲೆಗೆ ಅರಿವೆ ಕಟ್ಟಿದ್ದಳು, ಕೈಗಳು ಸುಣ್ಣ ಬಳಿಯುವವರ ಕೈಯಂತೆ ಒಡೆದಿದ್ದವು. ಆ ಕೈ ನೋಡಿಯೇ ನನಗೆ ಅವಳು ಹಿಡಿಸಿದಳು. ಮೊದಲು ಹಸಿಮಣ್ಣಿನಲ್ಲಿ ಮುಖ ಮಾಡುವುದು, ನಾನು ಹೂಂ ಅಂದಮೇಲೆ ಕಲ್ಲಿಗೆ ಇಳಿಸುವುದು ಎಂದು ಮಾತು. ನಾನು ಕನ್ನಡದಲ್ಲಿ ಹೇಳಬೇಕು, ಮಗ ಹಿಂದಿಯಲ್ಲಿ, ಗುರ್ಮೀತ ಅವರ ಭಾಷೆಯಲ್ಲಿ. ಮೂರು ಮನೆ ದಾಟಿ ಹೋದ ಮಾತು ಅರ್ಧ ದಾರಿಯಲ್ಲಿ ಚೆಂದವಾಗಿಬಿಡುತ್ತಿತ್ತು.

"ಮೂಗು ಎಡಕ್ಕ ಸೊಟ್ಟ ಇತ್ತು. ಎತ್ತು ಒದ್ದಿತ್ತು," ಎಂದೆ.

ಬಾಳಾಸಾಹೇಬ ಅದನ್ನು ದಾಟಿಸಲೇ ಇಲ್ಲ. "ಮೂರ್ತ್ಯಾಗ ನೆಟ್ಟಗ ಇದ್ರ ನಡಿತೈತಿ ಬಿಡ ಬೇ."

"ನೆಟ್ಟಗ ಮೂಗಿನಾಂವ ಬೇಕಂದ್ರ ಬ್ಯಾರೆ ಯಾರನ್ನರ ಮಾಡಸು. ನಾ ಸಂಸಾರ ಮಾಡಿದ್ದು ಸೊಟ್ಟ ಮೂಗಿನಾಂವನ ಕೂಡ."

ನಾನೇ ಎದ್ದು ಹೋಗಿ ಮಣ್ಣಿನ ಮೂಗನ್ನು ಹೆಬ್ಬೆಟ್ಟಿನಿಂದ ಎಡಕ್ಕೆ ಒತ್ತಿದೆ. ಲೂಚಿಯಾ ನಕ್ಕು ತನ್ನ ಮೂಗನ್ನೂ ಸೊಟ್ಟ ಮಾಡಿ ತೋರಿಸಿದಳು. ಅಲ್ಲಿಂದ ಮುಂದೆ ಇಬ್ಬರಿಗೂ ದುಭಾಷಿ ಬೇಕಾಗಲಿಲ್ಲ. ಗಲ್ಲ ಇಷ್ಟು ಒಳಗೆ, ಕಿವಿ ಇಷ್ಟು ದೊಡ್ಡದು, ಮೀಸೆಯ ಬಲಗಡೆ ಬೀಡಿಯಿಂದ ಸುಟ್ಟು ತೆಳ್ಳಗೆ. ಕೈಯಲ್ಲಿ ತೋರಿಸಿದೆ, ಅವಳು ಮಾಡಿದಳು. ಸಂಜೆಗೆ ಹಲಗೆಯ ಮೇಲೆ ಇವರು ಬಂದು ಕೂತಿದ್ದರು.

ಬಾಳಾಸಾಹೇಬ ಎರಡೂ ಕೈ ಮುಗಿದು ನಿಂತುಬಿಟ್ಟ. "ಯಪ್ಪಾ," ಎಂದ ಅಷ್ಟೇ. ಅಪ್ಪ ಸತ್ತಾಗ ಮಂದಿಯ ಮುಂದೆ ಅಳದೆ ಓಡಾಡಿ ಎಲ್ಲ ಮಾಡಿದವನು. ಈಗ ಮೂಗು ಒರೆಸಿಕೊಂಡ.

ನಾನೂ ಸೆರಗು ತಲೆಮೇಲೆ ಎಳೆದುಕೊಂಡೆ. ಆದರೆ ಸ್ವಲ್ಪ ಹೊತ್ತಿಗೆ ಏನೋ ಸರಿಯಿಲ್ಲ ಅನಿಸಿತು. ಮೂಗು ಸರಿ, ಕಿವಿ ಸರಿ. ಮುಖ ನನ್ನನ್ನೇ ನೋಡುತ್ತಿತ್ತು. ಇವರು ಹಾಗೆ ನೋಡುವವರೇ ಅಲ್ಲ. ನನ್ನ ಸಂಗಡ ಮಾತಾಡುವಾಗಲೂ ಮೋಡ ಎಲ್ಲಿದೆ, ಗಾಳಿ ಯಾವ ಕಡೆ ಎಂದು ಮೇಲೆ ನೋಡುವವರು. ಅದನ್ನು ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದು ಸುಮ್ಮನಾದೆ. ಲೂಚಿಯಾ ಮಣ್ಣು ಒಣಗದಂತೆ ಒದ್ದೆ ಅರಿವೆ ಹೊದಿಸಿದಳು. ಅದನ್ನೂ ನೋಡಲು ಆಗಲಿಲ್ಲ, ಮುಖ ತಿರುಗಿಸಿದೆ.

ಹಾಲಿನ ಹೊಳೆ

ಬೆಳಿಗ್ಗೆ ಕಲ್ಲು ಆರಿಸಲು ಬೆಟ್ಟಕ್ಕೆ ಹೊರಟೆವು. ಊರ ನಡುವೆ ಒಂದು ಹಳ್ಳ ಹರಿಯುತ್ತದೆ. ನೀರು ಹಾಲಿನಷ್ಟು ಬೆಳ್ಳಗೆ! ಇಂಥ ಚೆಲುವು ನಾನು ಕಂಡಿಲ್ಲ ಎಂದು ಕಾರು ನಿಲ್ಲಿಸಿದೆ. ಗುರ್ಮೀತ ಹೇಳಿದ, ಅದು ಮೇಲೆ ಕಲ್ಲು ಕೊಯ್ದ ಪುಡಿ, ಅದು ಬಂದರೆ ಮೀನು ಉಳಿಯುವುದಿಲ್ಲ. ನಮ್ಮಲ್ಲಿ ಕಾರ್ಖಾನೆಯ ನೀರು ಬಿಟ್ಟ ಹಳ್ಳ ಕಪ್ಪಗಿರುತ್ತದೆ, ಕೂಡಲೆ ಗೊತ್ತಾಗುತ್ತದೆ. ಇವರದು ಬೆಳ್ಳಗಿರುವುದರಿಂದ ಮೋಸ ಹೋದೆ.

ಮೇಲೆ ಬೆಟ್ಟವನ್ನು ದೋಸೆಕಲ್ಲಿನಷ್ಟು ಸಪಾಟಾಗಿ, ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿದ್ದಾರೆ. ಒಂದೊಂದು ಮೆಟ್ಟಿಲು ನಮ್ಮ ಮನೆಗಿಂತ ಎತ್ತರ. ಬಾಳಾಸಾಹೇಬನಿಗೆ ಅದು ಸ್ವರ್ಗ. ಕಲ್ಲಿಗೆ ಕಿವಿಗೊಟ್ಟು ತಟ್ಟುತ್ತಾನೆ, ಉಗುಳು ಹಚ್ಚಿ ಒರೆಸಿ ನೋಡುತ್ತಾನೆ. "ಅಪ್ಪಗ ಈ ತುಂಡು, ಇಲ್ಲಾ ಆ ತುಂಡು?" ಎಂದು ಕೂಗಿ ಕೇಳುತ್ತಾನೆ. ನನಗೆ ಕಣ್ಣು ಕುಕ್ಕಿ, ಗಂಟಲಲ್ಲಿ ಪುಡಿ ಕೂತು, ಕುಡಿಯುವ ನೀರು ಎಲ್ಲಿದೆ ಎಂದು ಗುರ್ಮೀತನನ್ನು ಕೇಳಿದೆ. ಇದೇ ಹಳ್ಳ ಗಣಿಗಿಂತ ಮೇಲೆ ತಿಳಿಯಾಗಿದೆ ಬನ್ನಿ ಎಂದು ಅವನು ನನ್ನನ್ನು ಕಾರಿನಲ್ಲಿ ಮೇಲಕ್ಕೆ ಕರೆದೊಯ್ದ.

ಅಲ್ಲಿ ಕಲ್ಲು ಕೊಯ್ಯುವ ಸದ್ದು ಇಲ್ಲ. ಹಳ್ಳದ ನೀರಿನಲ್ಲಿ ತಳದ ಹರಳು ಎಣಿಸಬಹುದಿತ್ತು. ಬೊಗಸೆಯಲ್ಲಿ ಕುಡಿದೆ, ಹಲ್ಲು ಜುಮ್ಮೆಂದಿತು. ಒಂದು ಕಡೆ ಬೆಟ್ಟದ ಮೇಲೆ ಬೆಟ್ಟ, ಇನ್ನೊಂದು ಕಡೆ ಬಹಳ ಕೆಳಗೆ ಸಮುದ್ರ. ಮೋಡದ ನೆರಳು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಕುರಿಹಿಂಡಿನ ಹಾಗೆ ದಾಟುತ್ತಿತ್ತು. ಯಾರೂ ಅದಕ್ಕೆ ತಿಕೀಟು ಹಚ್ಚಿರಲಿಲ್ಲ, ಕಾವಲಿನವನನ್ನು ನಿಲ್ಲಿಸಿರಲಿಲ್ಲ. ಚಪ್ಪಲಿ ಬಿಟ್ಟೆ, ಯಾರೂ ಬೈಯಲಿಲ್ಲ.

ದಂಡೆಯಲ್ಲಿ ನನ್ನಷ್ಟೇ ವಯಸ್ಸಿನ ಮುದುಕಿಯೊಬ್ಬಳು ಉಡಿಯಲ್ಲಿ ಕಾಡುಸೊಪ್ಪು ಕಿತ್ತು ತುಂಬಿಕೊಳ್ಳುತ್ತಿದ್ದಳು. ನಾವು ಹೊಲದ ಬದುವಿನಲ್ಲಿ ಹತ್ತರಕಿ ಪಲ್ಯ ಕೀಳುವ ಹಾಗೆಯೇ, ಬೇರು ಬಿಟ್ಟು, ಉಗುರಿನಿಂದ ಚಿವುಟಿ. ನನ್ನನ್ನು ನೋಡಿ ಒಂದೆಲೆ ಕೊಟ್ಟಳು. ಕಹಿ. ನಾನು ಚೀಲದಿಂದ ಕಟಕರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತೆಗೆದು ಕೊಟ್ಟೆ. ಅವಳು ರೊಟ್ಟಿ ಮುರಿಯುವ ಸದ್ದಿಗೆ ನಕ್ಕಳು. ಇಬ್ಬರೂ ಒಂದು ಕಲ್ಲಿನ ಮೇಲೆ ಕೂತು ತಿಂದೆವು.

ನಾವು ಕೂತದ್ದರ ಪಕ್ಕ ಒಂದು ಗಿಡ, ಎಲೆ ಇಲ್ಲದ ಕಸಬರಿಗೆಯ ಬರಲಿನಂಥದು, ಮೈತುಂಬ ಹಳದಿ ಹೂ. ಗಾಳಿ ಬೀಸಿದರೆ ವಾಸನೆ. ಒಂದಷ್ಟು ಹೂ ಉದುರಿ ನನ್ನ ಸೆರಗಿನ ಮೇಲೆ ಬಿದ್ದವು. ಝಾಡಿಸಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು.

ಈ ಕೈಯಿಂದ ನಾನು ಇವರ ರುಮಾಲು ಝಾಡಿಸಿದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಮಳೆಗಾಲ ಇವರು ಮನೆಗೆ ಬಂದರೆ ರುಮಾಲಿನ ತುಂಬ ಜಾಲಿಯ ಹೂವಿನ ಹಳದಿ ಪುಡಿ. ಬೈಯುತ್ತ ಝಾಡಿಸುತ್ತಿದ್ದೆ. ಈಗ ಇವರು ಅದೇ ಮರದ ಬುಡದಲ್ಲಿ ಮಣ್ಣೊಳಗೆ ಕೂತಿದ್ದಾರೆ. ಆ ಬೇರು ಇವರನ್ನು ಮುಟ್ಟಿರುತ್ತದೆ. ಈ ವರ್ಷ ಅದು ಬಿಡುವ ಹೂವಿನಲ್ಲಿ ಇವರದೂ ಒಂದಿಷ್ಟು ಇರುತ್ತದೆ. ಹಾಗೆ ಕೂತವರ ತಲೆಮೇಲಿನ ನೆರಳನ್ನು ಕಡಿಸಿ, ಅವರದೇ ತಲೆ ಮಾಡಿಸಿ, ಬಿಸಿಲಿಗೆ ಇಡಲು ನಾನು ವಿಮಾನ ಹತ್ತಿ ಬಂದಿದ್ದೆ!

"ಗುರ್ಮೀತ, ಫೋನ್ ಲಗಾವ್, ಮೇರೆ ಬಹೂ ಕೋ!" ಎಂದು ಸೊಸೆಗೆ ಹಚ್ಚಲು ನನ್ನ ಫೋನು ಅವನ ಕೈಗೆ ಕೊಟ್ಟೆ.

ವಿಡಿಯೊದಲ್ಲಿ ಶೋಭಾಳ ಮುಖ ಬಂತು. ಅದಕ್ಕಿಂತ ಮೊದಲು ಮಷಿನ್ನಿನ ಸದ್ದು ಬಂತು.

"ಎಲ್ಲಿದ್ದೀಯೇ ಶೋಭಾ?"

"ಹೊಲದಾಗ ಅದೀನ್ರಿ ಅತ್ತಿ. ಮಾರುತಿ ಜಾಲಿ ಕೊಯ್ಯಾಕತ್ತಾನ."

"ಬಂದ್ ಮಾಡ್ಸು!"

"ಏನ್ರಿ? ಕೇಳಸವಲ್ತು!"

"ಬಂದ್ ಮಾಡ್ಸ ಅಂದೆ, ಓಡು!"

ಆಮೇಲೆ ಕಂಡದ್ದು ಬರೀ ನೆಲ, ಶೋಭಾಳ ಕಾಲು, ಕಬ್ಬಿನ ಗರಿ, ಮತ್ತೆ ಆಕಾಶ. ಓಡುತ್ತಿದ್ದಳು. ನಾನು ಇಲ್ಲಿ ಎದ್ದು ನಿಂತು "ಏ ಮಾರುತ್ಯಾ, ನಿಲ್ಲಸಲೇ!" ಎಂದು ಆ ಕಣಿವೆಯೇ ಕೇಳುವ ಹಾಗೆ ಒದರುತ್ತಿದ್ದೆ. ರೊಟ್ಟಿ ಹಿಡಿದ ಮುದುಕಿಗೆ ನನ್ನ ಮನೆಯಲ್ಲಿ ಯಾರೋ ಸತ್ತಿದ್ದಾರೆಂದು ಅನಿಸಿರಬೇಕು, ಬಂದು ಬೆನ್ನು ಸವರತೊಡಗಿದಳು. ಸದ್ದು ನಿಂತಿತು. ಮಾರುತಿಯ ಬೆವತ ಮುಖ ಬಂತು.

"ಆಯಿ, ಅರ್ಧಾ ಆಗೈತ್ರಿ. ಹೊಲದ ಕಡೆದು ಕೆಡವೀನಿ. ಬಾವಿ ಕಡೆದಕ್ಕ ಹಗ್ಗ ಕಟ್ಟಬೇಕಾಗಿತ್ತು, ಅದಕ್ಕ ಕಡೀಕ ಇಟ್ಟೀನಿ."

"ಇಟ್ಟಿದ್ದು ಅಲ್ಲೇ ಇರ್ಲಿ. ಬುಡಾ ಮುಟ್ಟಬ್ಯಾಡ."

"ಅರ್ಧಾ ಬಿಟ್ರ ನೋಡಾಕ ಚೊಲೋ ಕಾಣಂಗಿಲ್ರಿ."

"ನೀನರ ಚೊಲೋ ಕಾಣ್ತೀಯೇನ? ಊರಾಗ ಇಟ್ಕೊಂಡಿಲ್ಲ ನಿನ್ನ?"

ಅವನ ಹಿಂದೆ ಬಾವಿಯ ಕಡೆಯ ಟೊಂಗೆಗಳು ಕಂಡವು. ಗೂಡುಗಳು ಜೋತಾಡುತ್ತಿದ್ದವು. ನಾನು ಕೂತುಕೊಂಡೆ. ಮುದುಕಿ ತನ್ನ ಉಡಿಯ ಸೊಪ್ಪಿನಲ್ಲಿ ಅರ್ಧ ತೆಗೆದು ನನ್ನ ಸೆರಗಿಗೆ ಕಟ್ಟಿದಳು.

ಮಣ್ಣು ನಾದಿದ್ದು

ಮಗನಿಗೆ ಹೇಳಿದ್ದು ಲೂಚಿಯಾಳ ಅಂಗಳದಲ್ಲಿ. ಅವನು ಕಲ್ಲು ಗುರುತು ಮಾಡಿ ಖುಷಿಯಲ್ಲಿದ್ದ.

"ಮೂರ್ತಿ ಬ್ಯಾಡ," ಎಂದೆ.

"ತಲಿ ಕೆಟ್ಟೈತೇನ್ ಬೇ ನಿಂದು? ಮಂದಿ ಏನಂದಾರು? ಊರಿಗೆಲ್ಲಾ ಹೇಳೀನಿ."

"ಮಂದಿ ನಿನ್ನ ಕಲ್ಲ ಮ್ಯಾಲ ಉಗುಳ್ತಾರ, ಒರಸ್ತಾರ. ಮಂದಿದು ಬಿಡು."

ಅವನ ದನಿ ಇಳಿಯಿತು. "ಮಂದಿದಲ್ಲ ಯವ್ವಾ. ನಿನ್ನ ತಲ್ಯಾಗ ಅಪ್ಪನ ಮಾರಿ ಐತಿ. ನನ್ನ ತಲ್ಯಾಗ ಮಸಕ್ ಆಗಾಕತ್ತೈತಿ. ನಿನ್ನೆ ಮಣ್ಣಿನಾಗ ನೋಡಿದಾಗ, ಹೌದ, ಹಿಂಗ ಇದ್ದ ಅನಸ್ತು. ನಾ ಎಲ್ಲಿ ನೋಡಬೇಕು ಅವನ್ನ?"

ಅವನು ಅಂಗಡಿ, ವ್ಯಾಪಾರ ಎಂದು ಓಡಾಡಿದವನು. ಅಪ್ಪನ ಜೊತೆ ಆ ಮರದ ಕೆಳಗೆ ಕೂತವನಲ್ಲ. ನಾನು ಸೆರಗಿಗೆ ಅಂಟಿದ್ದ ಹಳದಿ ಹೂವನ್ನು ಅವನ ಅಂಗೈಗೆ ಹಾಕಿದೆ.

"ಅಪ್ಪನ ರುಮಾಲ ನೆನಪೈತೇನ?"

ಅವನು ಮೂಸಿದ. ಬೆರಳಿನಿಂದ ಹೊರಳಿಸಿ ನೋಡಿದ. "ಜಾಲಿ ಹೂವ ಹಿಂಗಿರಂಗಿಲ್ಲ. ಗುಂಡಗ ಇರ್ತೈತಿ," ಎಂದ ಕಡೆಗೆ.

"ನೆನಪೈತಲಾ ಮತ್ತ! ಅದನ್ನ ಕಡ್ಯಾಕ ಹಚ್ಚಿ ಬಂದೀವಿ. ಫೋನ್ ಹಚ್ಚಿ ಅರ್ಧಾ ಉಳಸೀನಿ. ಮೂರ್ತಿ ಬಿಟ್ಟು ಆ ಅರ್ಧಾ ನೀ ಉಳಸು."

ಅವನು ಹೂವನ್ನು ಜೇಬಿಗೆ ಹಾಕಿಕೊಂಡು ತಲೆಯಾಡಿಸಿದ. ಲೂಚಿಯಾಗೆ ಹೇಳುವುದು ನನಗೆ ಕಷ್ಟವಾಯಿತು. ಅವಳ ಕೆಲಸದಲ್ಲಿ ಕುಂದಿರಲಿಲ್ಲ. ಗುರ್ಮೀತ ನಿಧಾನಕ್ಕೆ ವಿವರಿಸಿದ: ಇವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತಾರೆ, ಮೇಲೊಂದು ಮರ ಇದೆ, ಮೂರ್ತಿಗಾಗಿ ಅದನ್ನು ಕಡಿಯುತ್ತಿದ್ದರು. ಕೂಡಿಸಿ ಎಂಬ ಮಾತಿಗೆ ಅವಳು ತಾನೇ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು "ಹೀಗೆ?" ಎಂದು ಕೇಳಿದಳು. ಹೂಂ, ಹೀಗೆ ಎಂದೆ. ಆಮೇಲೆ ಎದ್ದು ಹಲಗೆ ತಂದು ಒದ್ದೆ ಅರಿವೆ ತೆಗೆದಳು. ಮಣ್ಣನ್ನು ಏನು ಮಾಡುತ್ತೀ ಎಂದು ಕೇಳಿಸಿದೆ. ಮತ್ತೆ ನಾದಿ ಡಬ್ಬಿಗೆ ತುಂಬುತ್ತೇನೆ, ಇನ್ನೊಬ್ಬರ ಮುಖಕ್ಕೆ ಬರುತ್ತದೆ ಎಂದಳು. ಎಂದವಳು ತಾನು ಮಣ್ಣಿಗೆ ಕೈ ಹಾಕಲಿಲ್ಲ. ಹಲಗೆಯನ್ನು ನನ್ನ ಕಡೆ ಸರಿಸಿದಳು.

ಬಾಳಾಸಾಹೇಬ ಗೋಡೆಯ ಕಡೆ ತಿರುಗಿ ನಿಂತ. "ನನಗ ನೋಡಾಕ ಆಗಂಗಿಲ್ಲ. ಲಗೂ ಮುಗಸ್ ಬೇ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಟ್ಟ ಮೂಗಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ರೊಟ್ಟಿಯ ಹಿಟ್ಟು ನಾದುವ ಹಾಗೆ ಒತ್ತಿ, ಮಡಚಿ, ಮತ್ತೆ ಒತ್ತಿದೆ. ಕೈಗೆ ಗೊತ್ತಿರುವ ಕೆಲಸ. ಒಳ್ಳೆಯ ಮಣ್ಣು ಅದು, ಎಲ್ಲೂ ಬಿರಿಯಲಿಲ್ಲ. ದುಂಡಗೆ ಮಾಡಿ ಕೊಟ್ಟೆ. ಲೂಚಿಯಾ ನನ್ನ ಕೈಗಳನ್ನು ತಾನೇ ತೊಳೆದು ಒರೆಸಿದಳು. ಇಬ್ಬರ ಕೈಯೂ ಒಡೆದ ಕೈಗಳೇ.

ಬಾವಿಯ ದಂಡೆ

ತಿರುಗಿ ಬಂದ ಮರುದಿನ ಹೊಲಕ್ಕೆ ಹೋದೆವು. ಮಾರುತಿ ಹೇಳಿದ್ದು ಸುಳ್ಳಲ್ಲ, ಅರ್ಧ ಮರ ಚೆಂದ ಕಾಣುತ್ತಿರಲಿಲ್ಲ. ಹೊಲದ ಕಡೆ ಬೋಳು, ಬಾವಿಯ ಕಡೆ ಮಾತ್ರ ಟೊಂಗೆ. ಒಂದು ಕಡೆ ಮೀಸೆ ಸುಟ್ಟುಕೊಂಡವರ ಹಾಗೆ. ಕಡಿದು ಬಿದ್ದ ಟೊಂಗೆಗಳ ಸೊಪ್ಪನ್ನು ಆಡುಗಳು ಮುಗಿಸಿದ್ದವು. ಕೊಯ್ದ ಗಾಯದಿಂದ ಅಂಟು ಇಳಿದು ಹೆಪ್ಪುಗಟ್ಟಿತ್ತು. ಆದರೆ ಹೂ ಬಿಟ್ಟಿತ್ತು. ಗುಂಡಗೆ, ಹಳದಿ.

ಇಷ್ಟು ಉಳಿದದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ಅವರಿಗೆಲ್ಲ ಅಲ್ಲೇ ಮುಗಿದೆ. ಓಡಿದ ಸೊಸೆಗೆ, ಹಗ್ಗ ತರಲು ಮೈಗಳ್ಳತನ ಮಾಡಿದ ಮಾರುತಿಗೆ, ಸೊಪ್ಪು ಕೊಟ್ಟ ಮುದುಕಿಗೆ, ಸಿಟ್ಟಾಗದ ಲೂಚಿಯಾಗೆ. ಎಲ್ಲರಿಗಿಂತ ಮೊದಲು ಮಗನಿಗೆ. ಅವನು ಮೂರ್ತಿಯ ಹಟ ಹಿಡಿದು ನನ್ನನ್ನು ಅಷ್ಟು ದೂರ ಒಯ್ಯದಿದ್ದರೆ ನಾನು ಆ ಹಳದಿ ಗಿಡದ ಕೆಳಗೆ ಕೂರುತ್ತಿರಲಿಲ್ಲ, ಇದು ಉಳಿಯುತ್ತಿರಲಿಲ್ಲ. ಇದನ್ನು ಅವನ ಮುಂದೆ ಹೇಳಿಲ್ಲ. ಓದಿ ತಿಳಿದುಕೊಳ್ಳಲಿ.

ಬಾಳಾಸಾಹೇಬ ನಿಂತೇ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಂಗಡಿಗೆ ಹೋಗುವವನು. "ಕೂಡು," ಎಂದೆ. ಅಪ್ಪ ಕೂರುತ್ತಿದ್ದಲ್ಲಿ ಬುಡಕ್ಕೆ ಬೆನ್ನು ಕೊಟ್ಟು ಕೂತ. ಕೂತ ಗಳಿಗೆಗೆ ಮೇಲಿನಿಂದ ಪಚಕ್ಕನೆ ಅವನ ಹೆಗಲ ಮೇಲೆ ಬಿತ್ತು. ಇಟಲಿಯ ಬಿಳಿಕಲ್ಲಿನ ಮೇಲೆ ಬೀಳಬೇಕಾಗಿದ್ದದ್ದು, ಅಂಗಿಯ ಮೇಲೆ ಬಿತ್ತು.

ಬೈಯುತ್ತಾನೆ ಎಂದು ಕಾದೆ. ಅವನು ಒರೆಸಿಕೊಳ್ಳಲು ಕರವಸ್ತ್ರ ತೆಗೆದ, ಯಾವ ಹಕ್ಕಿ ಎಂದು ಮೇಲೆ ನೋಡಿದ. ಹಳದಿ ತಲೆಯ ಗಂಡುಹಕ್ಕಿಯೊಂದು ಕಬ್ಬಿನ ಗರಿಯ ಎಳೆ ಸೀಳಿಕೊಂಡು ಬಂದು, ಅರ್ಧ ಆದ ಗೂಡಿಗೆ ತಲೆಕೆಳಗಾಗಿ ಜೋತುಬಿದ್ದು, ಎಳೆಯನ್ನು ಒಳಗೆ ತೂರಿಸಿ, ಆ ಕಡೆಯಿಂದ ಎಳೆದು, ಮತ್ತೆ ತೂರಿಸುತ್ತಿತ್ತು. ಕೆಳಗೆ ಬಾವಿಯ ನೀರಿನಲ್ಲಿ ಅದರದೇ ನೆರಳು. ಕರವಸ್ತ್ರ ಅವನ ಕೈಯಲ್ಲೇ ಉಳಿಯಿತು. ಅಂಗಡಿಯಿಂದ ಫೋನು ಬಂತು, ತೆಗೆಯಲಿಲ್ಲ. ಮೇಲೆ ನೋಡುತ್ತಿದ್ದ ಅವನ ಗಲ್ಲ, ಕತ್ತು ಎತ್ತಿದ ರೀತಿ, ಅರ್ಧ ತೆರೆದ ಬಾಯಿ, ಎಲ್ಲ ಅವರಪ್ಪಂದೇ. ಲೂಚಿಯಾಗೆ ನಾನು ಹೇಳಲಾಗದೆ ಉಳಿದದ್ದು ಇದೇ.

"ಬೇ," ಎಂದ ಕಣ್ಣು ತೆಗೆಯದೆ, "ಇಷ್ಟು ಸಣ್ಣ ಚುಂಚಿನಾಗ ಹೆಂಗ ಹೆಣಿತಾವ ಇವು?"

"ನನಗೇನ ಗೊತ್ತು? ಸುಮ್ನ ನೋಡು," ಎಂದೆ.